ಹೊಸ್ತಿಲ ತನಕ ಬಂದು ಹೋಗುವ ಗಂಟೆ

ನಮ್ಮಕ್ಕ ನೀರು ಕುಡಿಯುವುದನ್ನು ಬಿಟ್ಟಿದ್ದಾಳೆ ಎಂಬ ಸುದ್ದಿಯನ್ನು ಜಮಖಂಡಿಯಲ್ಲಿದ್ದ ನನಗೆ ಫೋನು ಮಾಡಿ ಹೇಳಿದವಳು ಅವಳ ಸೊಸೆ. ಉಪವಾಸವಲ್ಲ, ವ್ರತವಲ್ಲ, ಯಾರ ಮೇಲಿನ ಸಿಟ್ಟೂ ಅಲ್ಲ. ಬನಹಟ್ಟಿಯ ಬಿಸಿಲಿನಲ್ಲಿ ಮುದುಕಿ ದಿನಕ್ಕೆ ಅರ್ಧ ತಂಬಿಗೆ ನೀರೂ ಕುಡಿಯುತ್ತಿಲ್ಲ. ಉರಿಮೂತ್ರ ಹತ್ತಿದೆ, ಹೀಗೇ ಆದರೆ ಮೂತ್ರಪಿಂಡ ಕೆಡುತ್ತದೆ ಎಂದು ಡಾಕ್ಟರು ಬೈದು ಕಳಿಸಿದ್ದಾರೆ. ಆದರೂ ಕೇಳುತ್ತಿಲ್ಲ.

"ಯಾಕಂತ?" ಎಂದೆ.

"ನೀವ ಬಂದ ಕೇಳ್ರಿ ಚಿಗವ್ವಾರ. ನನ್ನ ಮುಂದ ಬಾಯಿ ಬಿಡವಲ್ರು."

ಅಂದೇ ಬಸ್ಸು ಹತ್ತಿದೆ. ಅಕ್ಕನ ಮನೆಯೆಂದರೆ ನಡುವೆ ಒಂದು ಅಂಗಳ. ಒಂದು ಕಡೆ ಅಕ್ಕನ ಕೋಣೆ. ಎದುರಿಗೆ ಅವಳ ನೆಗೆಣ್ಣಿ, ಅಂದರೆ ಸತ್ತ ಮೈದುನನ ಹೆಂಡತಿ, ಎರಡು ಕೋಣೆಗಳಲ್ಲಿ ತಾನೊಬ್ಬಳೇ ಅಡುಗೆ ಮಾಡಿಕೊಂಡು ಇರುತ್ತಾಳೆ, ಮಕ್ಕಳಿಲ್ಲ. ಹಿಂದೆ ವಿದ್ಯುತ್ ಮಗ್ಗದ ಶೆಡ್ಡು, ಅಲ್ಲಿ ಸೊಸೆ. ಮುಂದೆ ಬೀದಿಗೆ ಹತ್ತಿದ ಕೋಣೆಯಲ್ಲಿ ನೂಲು, ಸೀರೆ ಇಟ್ಟುಕೊಂಡು ಮಗ. ಅಕ್ಕ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಆಗಿ ವಾಕರ್ ಬಂದಿತ್ತು. ನಿಂತರೆ ನಾಲ್ಕು ಹೆಜ್ಜೆ ಇಡುತ್ತಿದ್ದಳು, ಆದರೆ ಮಂಚದಿಂದ ಏಳಲು ಒಬ್ಬರ ಕೈ ಬೇಕು.

"ಬಾಗಲಾ ಹಾಕು" ಎಂದಳು. ಹಾಕಿದೆ. "ಕಿಡಕಿ." ಅದನ್ನೂ ಹಾಕಿದೆ. ಆಮೇಲೆ ನನ್ನ ಕಿವಿಗೆ ಬಾಯಿ ತಂದು, "ನೀರ ಕುಡದ್ರ ಬಚ್ಚಲಕ್ಕ ಹೋಗಬೇಕಾಗತೈತೆಲ್ಲ ಬೇ" ಎಂದಳು.

"ಹೋಗು. ಯಾರ ಬ್ಯಾಡಂದಾರ?"

"ಹೆಂಗ ಹೋಗ್ಲಿ? ಸೊಸಿನ್ನ ಕರೀಬೇಕಂದ್ರ ಆ ಮಗ್ಗದ ಗದ್ದಲದಾಗ ಓಣಿಗೆಲ್ಲಾ ಕೇಳುವಂಗ ಒದರಬೇಕು. ನಾ ದಿನಕ್ಕ ಎಷ್ಟ ಸಲ ಹೋಗ್ತೇನಂತ ಕಿರಾಣಿ ಅಂಗಡ್ಯಾಂವಗೂ ಲೆಕ್ಕ ಐತಿ."

ಮೊಬೈಲ್ ಇಲ್ಲವೇ ಎಂದು ನೀವು ಕೇಳುತ್ತೀರಿ. ಇದೆ. ಆ ಮೊಬೈಲಿನಿಂದಲೇ ಈ ರಾಮಾಯಣವೆಲ್ಲ ಆದದ್ದು. ರಿಂಗಾದರೆ ಮಗ್ಗದ ಸದ್ದಿನಲ್ಲಿ ಕೇಳುವುದಿಲ್ಲ ಎಂದು ಸೊಸೆ ಅತ್ತೆಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವುದನ್ನು ಕಲಿಸಿದ್ದಳು. ಅಕ್ಕ ಒತ್ತಬೇಕಾದಲ್ಲಿ ಒತ್ತಿ, "ಬಚ್ಚಲಕ್ಕ ಹೋಗಬೇಕವಾ, ಲಗೂನ ಬಾ, ತಡಿಯಾಕ ಆಗವಲ್ದು" ಎಂದು ಸ್ಪಷ್ಟವಾಗಿ ಹೇಳಿದಳು. ಅದು ಸೊಸೆಗೆ ಹೋಗದೆ ಇಡೀ ಮನೆತನದ ಗುಂಪಿಗೆ ಹೋಯಿತು. ಬೀಳಗಿಯಿಂದ ಅಕ್ಕನ ಅಳಿಯ ಹೆಬ್ಬೆರಳು ಎತ್ತಿದ. ರಬಕವಿಯಿಂದ ಯಾರೋ ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿದರು. ಮುಧೋಳದ ಬೀಗರು, ಮೊದಲೇ ಬಹಳ ಮರ್ಯಾದೆಯ ಮಂದಿ, ಎರಡು ಕೈ ಜೋಡಿಸಿ ನಮಸ್ಕಾರ ಕಳಿಸಿದರು. ಬೀಗರ ನಮಸ್ಕಾರ ನೋಡಿದ ದಿನದಿಂದ ಅಕ್ಕ ನೀರು ಬಿಟ್ಟಳು.

ಮಗ ಸುಮ್ಮನೆ ಕೂತಿರಲಿಲ್ಲ. ಆನ್‌ಲೈನಿನಲ್ಲಿ ವೈರಿಲ್ಲದ ಗಂಟೆ ತರಿಸಿದ. ಪಕ್ಕದ ಮನೆಯವರ ಬಳಿಯೂ ಅಂಥದ್ದೇ ಗಂಟೆ. ಹಾಲಿನವನು ಅಲ್ಲಿ ಒತ್ತಿದರೆ ಇಲ್ಲಿ ಸೊಸೆ ಮಗ್ಗ ನಿಲ್ಲಿಸಿ ಓಡಿ ಬರುತ್ತಿದ್ದಳು. ಅಕ್ಕ ಇಲ್ಲಿ ಒತ್ತಿದರೆ ಪಕ್ಕದ ಮನೆಯ ಗೌಡತಿ ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಎರಡೇ ದಿನಕ್ಕೆ ಅದನ್ನು ಬಿಚ್ಚಿಟ್ಟರು.

"ಸುಡುಗಾಡ! ಒಬ್ಬರನ್ನ ಕರೀಬೇಕಂದ್ರ ಒಬ್ಬರಿಗೇ ಕೇಳಬೇಕು. ಇಷ್ಟ ಸಾದಾ ಮಾತು ಯಾರಿಗೂ ತಿಳಿಯವಲ್ದ?" ಎಂದು ನಾನು ಕೂಗಾಡಿದೆ. ನನಗೆ ಸಿಟ್ಟು ಬಂದರೆ ಬಾಯಿ ನನ್ನದಲ್ಲ. ಕೂಗಾಡುತ್ತಿರುವಾಗಲೇ ನೆನಪಾಯಿತು: ನಮ್ಮ ಮನೆಯ ಅಟ್ಟದ ಮೇಲೆ ನಾಲ್ಕು ಸೆಲೆಕ್ಟರ್‌ಗಳಿವೆಯಲ್ಲ!

ನನ್ನ ಗಂಡ ರೈಲ್ವೆಯಲ್ಲಿದ್ದರು. ಅವರು ತೀರಿದ ಮೇಲೆ ಅವರ ಬದಲಿಗೆ ನನಗೆ ಕೆಲಸ ಸಿಕ್ಕಿತು, ತಾರು ಮತ್ತು ಫೋನು ದುರಸ್ತಿಯ ಕೋಣೆಯಲ್ಲಿ. ಸ್ಪಾನರ್ ಹಿಡಿಯಲು ಬಾರದೆ ಹೋದವಳು ನಿವೃತ್ತಿಯ ಹೊತ್ತಿಗೆ ಇತರರಿಗೆ ಬೈದು ಕಲಿಸುವವಳಾಗಿದ್ದೆ. ಸೆಲೆಕ್ಟರ್ ನಾನು ಸೇರುವಾಗಲೇ ಮುದಿಯಾಗಿತ್ತು. ಅದರ ಕೆಲಸ ಇಷ್ಟೇ. ಹತ್ತಾರು ಸ್ಟೇಷನ್ನುಗಳು ಒಂದೇ ಜೋಡಿ ತಂತಿಯ ಮೇಲೆ ಇರುತ್ತವೆ. ಕಂಟ್ರೋಲಿನಲ್ಲಿ ಕೂತವನು ಒಂದು ಸ್ಟೇಷನ್ನನ್ನು ಕರೆದರೆ ಅಲ್ಲಿಯ ಗಂಟೆ ಮಾತ್ರ ಬಾರಿಸಬೇಕು, ಉಳಿದವರು ಮಲಗಿದ್ದರೆ ಮಲಗಿಯೇ ಇರಬೇಕು.

ಗಾಜಿನ ಮುಚ್ಚಳದೊಳಗೆ ಒಂದು ಹಲ್ಲಿನ ಚಕ್ರ. ತಂತಿಯಲ್ಲಿ ಒಂದು ಹೊಡೆತ ಬಂದರೆ ಚಕ್ರ ಒಂದು ಹಲ್ಲು ಮುಂದೆ. ಕರೆಯೆಂದರೆ ಒಟ್ಟು ಹದಿನೇಳು ಹೊಡೆತ, ಆದರೆ ಒಬ್ಬೊಬ್ಬರಿಗೆ ಒಂದೊಂದು ರೀತಿ ಬಿಡಿಸಿದ್ದು. ಸೊಸೆಗೆ ಮೂರು, ನಾಲ್ಕು, ಹತ್ತು ಎಂದಿಟ್ಟುಕೊಳ್ಳಿ. ಮೊದಲು ಮೂರು ಹೊಡೆತ. ಎಲ್ಲರ ಚಕ್ರವೂ ಮೂರು ಹಲ್ಲು ಮುಂದೆ. ಅಲ್ಲಿ ಸ್ವಲ್ಪ ತಡೆ. ಮೂರನೆಯ ಹಲ್ಲಿನಲ್ಲಿ ಮೊಳೆಯಿದ್ದ ಚಕ್ರ ನಿಲ್ಲುತ್ತದೆ, ಇಲ್ಲದ್ದು ಟಪ್ಪೆಂದು ಸೊನ್ನೆಗೆ ಮರಳುತ್ತದೆ. ಆಮೇಲೆ ನಾಲ್ಕು, ಮತ್ತೆ ಹಾಗೆಯೇ. ಆಮೇಲೆ ಹತ್ತು. ಹದಿನೇಳರ ತನಕ ಮುಟ್ಟಿದ ಒಂದೇ ಒಂದು ಚಕ್ರ ತನ್ನ ಗಂಟೆ ಬಾರಿಸುತ್ತದೆ. ಎಲ್ಲ ತೆಗೆದು ಹೊಸ ಯಂತ್ರ ಬಂದಾಗ ಇವು ಗುಜರಿಗೆ ಹೋದವು. ನಾನು ಗುಜರಿಯವನ ಹಿಂದೆ ಬಿದ್ದು ನಾಲ್ಕನ್ನು, ಗಂಟೆ ಮತ್ತು ಕರೆ ಕಳಿಸುವ ಕೀಲಿಗಳ ಸಮೇತ, ಬಿಡಿಸಿಕೊಂಡು ಬಂದಿದ್ದೆ. ಯಾಕೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಲೋಕಾಪುರದ ಕಡೆಯಿಂದ ರೈಲು ಬರುತ್ತದೆ ಎಂದು ನಮ್ಮ ಮಂದಿ ಕಾಯುತ್ತ ಕಾಯುತ್ತ ಮುದುಕರಾದರು. ರೈಲಿಗಿಂತ ಮೊದಲು ರೈಲಿನ ಗಂಟೆ ಬನಹಟ್ಟಿಗೆ ಬಂತು. ಬೈಕಿನ ಹಳೆಯ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ಅಂಗಳದ ಮೇಲೆ ತಂತಿ ಎಳೆದೆ. ಶೆಡ್ಡಿಗೆ ಒಂದು ಸೆಲೆಕ್ಟರ್ ಮತ್ತು ಮಗ್ಗದ ಗದ್ದಲವನ್ನೂ ಮೀರುವ ದೊಡ್ಡ ಗಂಟೆ. ಮಗನ ಕೋಣೆಗೆ ಒಂದು. ಇದ್ದರೆ ಇರಲಿ, ಒಂದು ಹೊತ್ತಿಗೆ ಬೇಕಾಗುತ್ತದೆ ಎಂದು ನೆಗೆಣ್ಣಿಯ ಅಡುಗೆಮನೆಗೂ ಒಂದು. ಅಕ್ಕನ ಮಂಚದ ಪಕ್ಕದಲ್ಲಿ ಮೂರು ಕೀಲಿಗಳ ಹಲಗೆ. ತಿರುಗಿಸಿ ಬಿಟ್ಟರೆ ಟಿಕಟಿಕ ಎಂದು ತಾವೇ ಹೊಡೆತ ಕಳಿಸುತ್ತವೆ. ಗುರುತಿಗೆ ಮಗ್ಗದ ನೂಲೇ ಕಟ್ಟಿದೆ. ಸೊಸೆಗೆ ಕೆಂಪು, ನೆಗೆಣ್ಣಿಗೆ ಹಸಿರು, ಮಗನಿಗೆ ಹಳದಿ.

ಅಕ್ಕ ಕೆಂಪು ಕೀಲಿ ತಿರುಗಿಸಿದಳು. ಶೆಡ್ಡಿನಲ್ಲಿ ಗಂಟೆ ಬಾರಿಸಿತು, ಒಂದು ಮಗ್ಗ ನಿಂತಿತು, ಸೊಸೆ ಬಂದಳು, ಬಾಗಿಲು ಹಾಕಿದಳು. ಓಣಿಗೆ ಸುದ್ದಿಯೇ ಇಲ್ಲ. ಅಕ್ಕ ಬಚ್ಚಲಿನಿಂದ ಹೊರಗೆ ಬಂದವಳೇ ಒಂದು ತಂಬಿಗೆ ನೀರು ಗಟಗಟ ಕುಡಿದಳು. ನಾನು ಎದೆ ಉಬ್ಬಿಸಿಕೊಂಡು ಜಮಖಂಡಿಗೆ ಮರಳಿದೆ.

ಹತ್ತು ದಿನಕ್ಕೆ ಮತ್ತೆ ಸೊಸೆಯ ಫೋನು. "ಸಣ್ಣತ್ತಿ ಮಾತ ಬಿಟ್ಟಾರ್ರಿ. ಅತ್ತಿ ಮತ್ತ ನೀರ ಬಿಟ್ಟಾರ್ರಿ."

ಸಣ್ಣತ್ತಿಯೆಂದರೆ ನೆಗೆಣ್ಣಿ. ಹೋಗಿ ನೋಡಿದೆ. ನೆಗೆಣ್ಣಿ ಅಡುಗೆಮನೆಯಲ್ಲಿ ಸೆಲೆಕ್ಟರಿನ ಗಾಜಿನ ಎದುರು ಮಣೆ ಹಾಕಿಕೊಂಡು ಬದನೆಕಾಯಿ ಹೆಚ್ಚುತ್ತಿದ್ದಳು, ಟಿವಿಯಲ್ಲಿ ಧಾರಾವಾಹಿ ನೋಡುವವರ ಹಾಗೆ. ನನ್ನನ್ನು ಕಂಡದ್ದೇ ಈಳಿಗೆ ಪಕ್ಕಕ್ಕಿಟ್ಟಳು.

"ನೀ ಶಾಣ್ಯಾಕಿ ಅದಿ, ನೀನ ಹೇಳು. ದಿನಾ ಎಂಟ ಎಂಟ ಸಲ ಇದು ಟಿಕಟಿಕ ಅಂತ ನನ್ನ ಕಡೆ ಬರತಿತ್ತು. ಇನ್ನೇನ ಗಂಟಿ ಹೊಡೀತೈತಿ ಅನ್ನೂದ್ರಾಗ ಟಪ್ಪಂತ ತಿರುಗಿ ಹೋಗತಿತ್ತು. ಒಂದ ಕರಿಗೆ ಮೂರ ಸಲ ಬಂದ ಹೋಗತಿತ್ತು! ಹೊಸ್ತಿಲ ತನಕ ಬಂದು ಒಳಗ ಬರಲಾರದ ಹೋದ್ರ ಏನಂತಾರ ನಮ್ಮ ಕಡೆ? ಇಷ್ಟ ವರ್ಷ ಒಂದ ಅಂಗಳದಾಗ ಇದ್ದೇವಿ, ಅಕ್ಕ ನನಗ ಹಿಂಗ ಅವಮಾನ ಮಾಡಬೇಕ?"

ನಾನು ಹಲ್ಲು, ಮೊಳೆ, ಹದಿನೇಳು ಎಂದು ತಿಳಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ. "ಹಂಗಾರ ಬರೂದ ಯಾಕ?" ಎಂದಳು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಸ್ಟೇಷನ್ ಮಾಸ್ಟರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅವರ ಚಕ್ರವೂ ದಿನವಿಡೀ ಹಾಗೆಯೇ ಬಂದು ಬಂದು ಮರಳುತ್ತಿತ್ತು, ಒಬ್ಬರೂ ಮಾತು ಬಿಟ್ಟಿರಲಿಲ್ಲ.

ನಾನು ಬರುವ ಮೊದಲೇ ಅಕ್ಕನಿಗೆ ಇದು ಗೊತ್ತಾಗಿತ್ತು, ಆಗ ಅವಳು ಮಾಡಿದ್ದು ಇನ್ನೂ ಚಂದ. ನೆಗೆಣ್ಣಿಯ ಮನಸ್ಸು ನೋಯಬಾರದು ಎಂದು, ಬಚ್ಚಲಿಗೆ ಹೋಗಬೇಕಾದಾಗಲೆಲ್ಲ ಮೂರೂ ಕೀಲಿ ತಿರುಗಿಸತೊಡಗಿದಳು. ಒಬ್ಬರನ್ನು ಕರೆದು ಒಬ್ಬರನ್ನು ಬಿಡಬಾರದಲ್ಲ! ಮೂರೂ ಜನ ಬಂದು ಮಂಚದ ಮುಂದೆ ನಿಲ್ಲುತ್ತಿದ್ದರು. ಮಗನ ಎದುರು, ನೆಗೆಣ್ಣಿಯ ಎದುರು ಹೇಗೆ ಹೇಳುವುದು? "ಎಲ್ಲಾರೂ ಕೂಡಿ ಚಾ ಕುಡಿಯೂಣು ಅಂತ ಕರದೆ" ಎನ್ನುತ್ತಿದ್ದಳು. ಚಹಾ ಬರುತ್ತಿತ್ತು. ಕರೆದವಳೇ ಕುಡಿಯದಿದ್ದರೆ ಹೇಗೆ, ಅವಳೂ ಕುಡಿಯುತ್ತಿದ್ದಳು. ಮೊದಲೇ ತಡೆದುಕೊಂಡು ಕೂತವಳು, ಮೇಲೆ ಒಂದು ಕಪ್ ಚಹಾ! ಹೀಗೆ ನಾಲ್ಕು ದಿನ ನಡೆದ ಮೇಲೆ ಕೀಲಿ ಮುಟ್ಟುವುದನ್ನೇ ಬಿಟ್ಟಳು, ನೀರನ್ನೂ ಬಿಟ್ಟಳು. ಚಹಾದ ಕರೆ ನಿಂತದ್ದೇ ನೆಗೆಣ್ಣಿ ಮತ್ತೆ ಮುನಿದಿದ್ದಳು.

"ಆಕಿಗೆ ಖರೆ ಹೇಳಿಬಿಡು. ಬಚ್ಚಲಕ್ಕ ಕರಿತೇನಿ, ಊಟಕ್ಕಲ್ಲ ಅಂತ" ಎಂದೆ.

"ಪ್ರಾಣ ಹೋದ್ರೂ ಆಕಿ ಮುಂದ ಹೇಳಾಂಗಿಲ್ಲ" ಎಂದಳು ಅಕ್ಕ. ಆ ಅಂಗಳದ ಮೊದಲ ಸೊಸೆ ಅವಳು. ನೆಗೆಣ್ಣಿಯೆದುರು ಒಂದು ದಿನವೂ ಸೋತವಳಲ್ಲ, ರೊಟ್ಟಿ ಬಡಿಯುವುದರಲ್ಲೂ ಅಲ್ಲ, ಜಗಳದಲ್ಲೂ ಅಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಅವಳ ತುಟಿ ಒಣಗಿ ಬಿರಿದಿತ್ತು.

ಮುಂದಿನದು ನಾನು ಜಮಖಂಡಿಗೆ ಮರಳಿದ ಮೇಲೆ ನಡೆದದ್ದು. ಮರುದಿನ ಮತ್ತೆ ಹೋದಾಗ ಇಬ್ಬರೂ ಹೇಳಿದರು, ಇಬ್ಬರದೂ ಬೇರೆ ಬೇರೆ ಕಥೆ. ಎರಡರಲ್ಲೂ ಒಂದೇ ಇದ್ದುದನ್ನು ಹೇಳುತ್ತೇನೆ.

ಸೊಸೆಯ ತವರಿನಲ್ಲಿ ತೊಟ್ಟಿಲ ಕಾರ್ಯ. ಗಂಡಹೆಂಡತಿ ಬೆಳಿಗ್ಗೆ ಬೈಕಿನ ಮೇಲೆ ಮುಧೋಳಕ್ಕೆ ಹೋದರು, ಮಧ್ಯಾಹ್ನದೊಳಗೆ ಬರುತ್ತೇವೆ ಎಂದು. ಬರಲಿಲ್ಲ. ಬೀಗರು ಊಟ ಮುಗಿಯದೆ ಬಿಡುವ ಮಂದಿಯೇ? ಅಕ್ಕ ಹನ್ನೊಂದರ ತನಕ ತಡೆದಳು, ಹನ್ನೆರಡರ ತನಕ ತಡೆದಳು. ಕೊನೆಗೆ ಕಣ್ಣು ಮುಚ್ಚಿ ಹಸಿರು ಕೀಲಿಯೊಂದನ್ನೇ ತಿರುಗಿಸಿದಳು.

ಎದುರಿನ ಅಡುಗೆಮನೆಯಲ್ಲಿ ಗಂಟೆ ಬಾರಿಸಿತು. ಬೇರೆ ಎಲ್ಲೂ ಬಾರಿಸಲಿಲ್ಲ. ತನ್ನೊಬ್ಬಳನ್ನೇ ಕರೆದಿದ್ದಾಳೆ ಎಂದು ನೆಗೆಣ್ಣಿಗೆ ಹೇಳಲಾರದ ಸಂತೋಷ. ಹಾಗೆಂದು ಎದ್ದು ಓಡಿ ಬಂದಳೇ? ಇಲ್ಲ. ಕರೆ ಬಂದ ಮನೆಗೆ ಹೇಗೆಂದರೆ ಹಾಗೆ ಹೋಗಲಾಗುತ್ತದೆಯೇ! ಮುಖ ತೊಳೆದಳು, ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಬರಿಗೈಯಲ್ಲಿ ಹೋಗಬಾರದೆಂದು ಡಬ್ಬಿ ಹುಡುಕಿ ತಾಟಿನಲ್ಲಿ ನಾಲ್ಕು ಶೇಂಗಾ ಉಂಡಿ ಇಟ್ಟುಕೊಂಡಳು. ಅಷ್ಟು ಹೊತ್ತು ಅಕ್ಕ ಮಂಚದ ಪಟ್ಟಿ ಹಿಡಿದು ಇಷ್ಟದೇವರನ್ನೆಲ್ಲ ನೆನೆಯುತ್ತಿದ್ದಳು.

"ಉಂಡಿ ತಂದೇನಿ ಯಕ್ಕಾ" ಎಂದು ನೆಗೆಣ್ಣಿ ಹೊಸ್ತಿಲು ದಾಟಿದಳು.

"ಉಂಡಿ ಕೆಳಗಿಡ ಬೇ, ಮದಲ ನನ್ನ ಎಬ್ಬಸು! ಬಚ್ಚಲಾ!"

ಎಬ್ಬಿಸಿದಳು, ಕರೆದುಕೊಂಡು ಹೋದಳು, ಕರೆದುಕೊಂಡು ಬಂದಳು. ಅಕ್ಕ ಮುಖ ಗೋಡೆಗೆ ಮಾಡಿ ಕೂತಳು. ಇನ್ನು ಇವಳು ಊರೆಲ್ಲ ಸಾರುತ್ತಾಳೆ ಎಂದು ಕಾಯುತ್ತಿದ್ದಳು. ನೆಗೆಣ್ಣಿ ಅವಳ ಪಕ್ಕದಲ್ಲೇ ಕೂತು, "ನಾನೂ ಮಧ್ಯಾಹ್ನದ ಮ್ಯಾಲೆ ನೀರ ಮುಟ್ಟೂದಿಲ್ಲ ಯಕ್ಕಾ" ಎಂದಳಂತೆ. "ಮಣಕಾಲ ಹೋಗ್ಯಾವು. ಸಂಡಾಸಿನ್ಯಾಗ ಕುಂತ್ರ ಏಳಾಕ ಬರೂದಿಲ್ಲ. ಮೊನ್ನೆ ಕುಂತಾಕಿ ಗೋಡಿ ಹಿಡಕೊಂಡ ಎಷ್ಟೊತ್ತ ಅತ್ತೇನಿ. ನಾ ಯಾರನ್ನ ಕರೀಲಿ?"

ಇದನ್ನು ಕೇಳಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಎಲ್ಲರ ಗೋಡೆಗೂ ಗಂಟೆ ಹಾಕಿದ್ದೆ. ಕರೆಯುವ ಕೀಲಿಯನ್ನು ಮಾತ್ರ ಒಬ್ಬಳಿಗೇ ಕೊಟ್ಟಿದ್ದೆ. ಆ ಮುದುಕಿ ಬಂದು ಬಂದು ಮರಳುವ ಚಕ್ರವನ್ನು ದಿನವಿಡೀ ನೋಡುತ್ತ ಕೂತದ್ದು ಸುಮ್ಮನೆ ಅಲ್ಲ.

ಅಂದೇ ಜಮಖಂಡಿಗೆ ಹೋಗಿ ನಾಲ್ಕನೆಯ ಸೆಲೆಕ್ಟರನ್ನೂ ಇನ್ನೊಂದು ಕೀಲಿಯನ್ನೂ ತಂದೆ. ನೆಗೆಣ್ಣಿಯ ಕೈಗೆ ಎಟಕುವಲ್ಲಿ, ಸಂಡಾಸಿನ ಗೋಡೆಗೇ, ಕೀಲಿ ಕೂರಿಸಿದೆ. "ಇದನ್ನ ತಿರುವಿದ್ರ ಯಾರ ಗಂಟಿ ಹೊಡೀಬೇಕ್ರಿ? ಸೊಸಿದು ಮಾಡ್ಲ್ಯಾ?" ಎಂದೆ.

"ಬ್ಯಾಡ. ಅಕ್ಕಂದ ಮಾಡು."

"ಆಕಿಗೇ ಇನ್ನೊಬ್ಬರ ಕೈ ಬೇಕು. ಆಕಿ ಬಂದ ಏನ ಮಾಡ್ತಾಳ್ರಿ?"

"ಬರಲಿ, ಬಿಡಲಿ. ನಾ ಕರದೇನಂತ ಆಕಿಗೆ ಗೊತ್ತಾದ್ರ ಸಾಕು."

ಇದು ಯಾವ ಶಾಣ್ಯಾತನ ಎಂದು ಗೊಣಗುತ್ತ ಅಕ್ಕನ ತಲೆದೆಸೆಯ ಗೋಡೆಗೆ ಸೆಲೆಕ್ಟರ್ ಕೂರಿಸಿದೆ. ಸಂಜೆ ನಾನು ಇನ್ನೂ ಸ್ಕ್ರೂ ಬಿಗಿಯುತ್ತಿದ್ದೆ, ಚಕ್ರ ಟಿಕಟಿಕ ಎಂದು ಏರಿತು, ನಿಂತಿತು, ಮತ್ತೆ ಏರಿತು, ನಿಂತಿತು, ಕೊನೆಯ ತನಕ ಹೋಗಿ ಗಂಟೆ ಬಾರಿಸಿತು. ಅಕ್ಕ ಬೆಚ್ಚಿ ಎದ್ದು ಕೂತಳು. ನಾನು ಹೋಗುತ್ತೇನೆ ಎಂದು ಸ್ಪಾನರ್ ಕೆಳಗಿಟ್ಟೆ. ಅವಳು ನನ್ನ ಸೆರಗು ಹಿಡಿದು ಎಳೆದಳು.

"ನೀ ಕುಂದರ ಬೇ. ನಿನ್ನ ಕರದಿಲ್ಲ, ನನ್ನ ಕರದಾಳ."

ವಾಕರ್ ಎಳೆದುಕೊಂಡಳು. ಮಂಚದ ಪಟ್ಟಿ ಒತ್ತಿ, ಹಲ್ಲು ಕಚ್ಚಿ, ಯಾರ ಕೈಯೂ ಇಲ್ಲದೆ ಎದ್ದು ನಿಂತಳು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಟಕ್, ಟಕ್ ಎಂದು ಹೊಸ್ತಿಲು ದಾಟಿ ಅಂಗಳಕ್ಕಿಳಿದಳು. ಅರ್ಧ ಅಂಗಳ ದಾಟಿದ್ದಳು, ಆಗಲೇ ಕರೆಂಟು ಹೋಯಿತು. ನಮ್ಮ ಶೆಡ್ಡಿನದಷ್ಟೇ ಅಲ್ಲ, ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತು ಊರು ಮೌನವಾಯಿತು. ಆ ಮೌನದಲ್ಲಿ ನಮ್ಮಕ್ಕ, ಬೀಗರ ನಮಸ್ಕಾರಕ್ಕೆ ಹೆದರಿ ನೀರು ಬಿಟ್ಟಿದ್ದ ನಮ್ಮಕ್ಕ, ವಾಕರ್ ನೆಲಕ್ಕೆ ಕುಟ್ಟುತ್ತ ಗಂಟಲು ಹರಿಯುವ ಹಾಗೆ ಒದರಿದಳು:

"ಬಂದೆ ಬೇ! ಗೋಡಿ ಹಿಡಕೊಂಡ ಅಲ್ಲೇ ಕುಂದರು! ನಾ ಎಬ್ಬಸ್ತೇನಿ!"

"ಲಗೂ ಬಾ ಯಕ್ಕಾ!" ಎಂದು ಸಂಡಾಸಿನಿಂದ ನೆಗೆಣ್ಣಿಯೂ ಅಷ್ಟೇ ಜೋರಾಗಿ ಒದರಿದಳು.