ಟಿಕ್ ತೆಗೆದ ಒಂದು ಸಾಲು

ಎರಡು ಸಾವಿರನೇ ಇಸವಿ ದಾಟಿದ ಹೊಸತರಲ್ಲಿ ನಾನು ಹಾಸನದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಕೆಲಸಕ್ಕಿದ್ದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದ ಫೋನ್ ಬಂದರೂ ಚೀಲ ಹೆಗಲಿಗೇರಿಸಿ ಬಸ್ ಹತ್ತುವವನು. ವಯಸ್ಸು ಇಪ್ಪತ್ತನಾಲ್ಕು, ಗತ್ತು ಮಾತ್ರ ನಲವತ್ತರದು. ನಾನು ಮುಟ್ಟಿದ ಮಿಷಿನ್ನು ಮತ್ತೆ ಕೆಡುವುದಿಲ್ಲ ಅಂತ ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದೆ.

ಅರಕಲಗೂಡಿನಲ್ಲಿ ನೋಂದಣಿ ಕಚೇರಿಯ ಹತ್ತಿರ ಒಬ್ಬ ಪತ್ರ ಬರಹಗಾರರಿದ್ದರು. ಅವರಲ್ಲಿ ಕ್ರಯಪತ್ರ, ವಿಭಾಗಪತ್ರ ಟೈಪ್ ಮಾಡಲು ಕೊಣನೂರಿನಿಂದ ದಿನಾ ಒಬ್ಬ ಹೆಂಗಸು ಬರುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಸೇರಿ ಎರಡು ತಿಂಗಳಾಗಿತ್ತಷ್ಟೆ. ಇನ್ನೊಂದು ತಿಂಗಳು ನೋಡಿ ಖಾಯಂ ಮಾಡುತ್ತೇನೆಂದು ಯಜಮಾನರಾದ ಆ ಬರಹಗಾರರು ಹೇಳಿದ್ದರಂತೆ.

ಅಲ್ಲಿನ ಕಂಪ್ಯೂಟರಿಗೆ ಎಚ್ಚರವಾಗಲು ಹತ್ತು ನಿಮಿಷ ಬೇಕಿತ್ತು. ಮೊದಲು ಪರದೆ ತುಂಬ ಗಣಪತಿ ಬಂದು ಶ್ಲೋಕ ಕೇಳಿಸುತ್ತಿತ್ತು. ಅದು ಮುಗಿಯುವ ತನಕ ಯಾರೂ ಕೀಲಿಮಣೆ ಮುಟ್ಟುವಂತಿಲ್ಲ ಎಂಬುದು ಯಜಮಾನರ ಕಟ್ಟಳೆ. ಕಾದು ಬೇಸತ್ತ ಗಿರಾಕಿಗಳು ಮೆಲ್ಲಗೆ ಪಕ್ಕದ ಬರಹಗಾರರ ಹತ್ತಿರ ಜಾರುತ್ತಿದ್ದರು. ಇದನ್ನು ಬೇಗ ಏಳುವ ಹಾಗೆ ಮಾಡು ಅಂತ ಯಜಮಾನರು ನನ್ನನ್ನು ಕರೆಸಿದರು.

ಕಂಪ್ಯೂಟರ್ ಆನ್ ಆದ ಕೂಡಲೇ ತಾವಾಗಿಯೇ ಶುರುವಾಗುವ ಪ್ರೋಗ್ರಾಮುಗಳ ಪಟ್ಟಿ ತೆರೆದೆ. ಇಪ್ಪತ್ತಕ್ಕೂ ಹೆಚ್ಚು ಸಾಲು, ಪ್ರತಿಯೊಂದರ ಮುಂದೂ ಟಿಕ್ಕು. ಟಿಕ್ ತೆಗೆದರೆ ಅದು ತಾನಾಗಿ ಶುರುವಾಗುವುದಿಲ್ಲ. ಗಣಪತಿಯ ಟಿಕ್ ತೆಗೆಯಲು ಧೈರ್ಯ ಬರಲಿಲ್ಲ, ಯಜಮಾನರು ಬೆನ್ನ ಹಿಂದೆಯೇ ನಿಂತಿದ್ದರು. ವೈರಸ್ ತಡೆಯುವುದನ್ನೂ ಬಿಟ್ಟೆ. ಉಳಿದದ್ದನ್ನು ಓದುವ ತಾಳ್ಮೆ ಯಾರಿಗಿತ್ತು? ಹೆಸರು ಅರ್ಥವಾಗದ್ದನ್ನೆಲ್ಲ ಪಟಪಟನೆ ತೆಗೆದು ಹಾಕಿದೆ. ಕಂಪ್ಯೂಟರ್ ಎರಡೇ ನಿಮಿಷಕ್ಕೆ ಎದ್ದಿತು. ಯಜಮಾನರು ಬೆನ್ನು ತಟ್ಟಿ ಕಾಫಿ ಕುಡಿಸಿ ಕಳಿಸಿದರು.

ಮಾರನೆಯ ದಿನ ಫೋನು. ಏನು ಒತ್ತಿದರೂ ಇಂಗ್ಲಿಷ್ ಅಕ್ಷರವೇ ಬರುತ್ತಿದೆಯಂತೆ. ನಾನು ಹೋಗುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಹನ್ನೆರಡಕ್ಕೆ ರಾಹುಕಾಲ ಶುರುವಾಗುವ ಮುಂಚೆ ಜಮೀನಿನ ಪತ್ರಕ್ಕೆ ಸಹಿ ಹಾಕಬೇಕೆಂದು ಬಂದಿದ್ದ ಒಂದು ಮನೆಯವರು ಸಿಟ್ಟಿನಿಂದ ಬೇರೆಯವರ ಹತ್ತಿರ ಹೋಗಿದ್ದರು. ಆ ಹೆಂಗಸು ಮೂಲೆಯಲ್ಲಿ ನಿಂತಿದ್ದರು. ತಾನೇನೂ ಒತ್ತಿಲ್ಲ ಅಂತ ನನ್ನೆದುರೇ ಮೂರು ಸಲ ಹೇಳಿದರು.

ಪಟ್ಟಿ ತೆರೆದ ಕ್ಷಣ ನನಗೆ ಗೊತ್ತಾಯಿತು. ಕನ್ನಡ ಟೈಪಿಂಗಿನ ಪ್ರೋಗ್ರಾಮನ್ನೂ ನಾನೇ ಗುಡಿಸಿ ಹಾಕಿದ್ದೆ. ಅಂಥದ್ದೊಂದು ಬೇರೆಯಾಗಿ ಓಡಬೇಕು ಎಂಬುದೇ ಆಕೆಗೆ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಪರದೆಗೆ ಅಡ್ಡವಾಗಿ ಕೂತು ಟಿಕ್ ಹಾಕಿ, ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಕನ್ನಡ ಬಂತು. ಏನಾಗಿತ್ತು ಎಂದು ಯಜಮಾನರು ಕೇಳಿದರು.

"ಏನೋ ಒತ್ತಿರ್ತಾರೆ" ಎಂದೆ.

ಯಾರು ಅಂತ ಹೇಳಬೇಕಾಗಲಿಲ್ಲ, ಆ ಕೀಲಿಮಣೆ ಮುಟ್ಟುತ್ತಿದ್ದವರು ಒಬ್ಬರೇ. ನನ್ನಿಂದ ತಪ್ಪಾಯಿತು ಎಂದಿದ್ದರೆ ಯಜಮಾನರು ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು. ಅಷ್ಟನ್ನೂ ತಡೆದುಕೊಳ್ಳಲಾರದ ಹೇಡಿ ನಾನು. ಇದನ್ನು ಬರೆಯುವಾಗಲೂ ಮೈ ಹಿಡಿಯಾಗುತ್ತದೆ. ಯಜಮಾನರು ದನಿ ಏರಿಸಲಿಲ್ಲ. "ನಾಳಿಂದ ಬರೋದು ಬ್ಯಾಡ ಕಣಮ್ಮ" ಎಂದರು, ಅಷ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದಾಗ ಆಕೆ ನಾನಿದ್ದಲ್ಲಿಗೇ ಬಂದರು. ಕೊಣನೂರಿನ ಬಸ್ಸು ಇನ್ನೂ ಬಂದಿರಲಿಲ್ಲ.

"ಸಾ, ಕೆಲ್ಸ ಓಗ್ಲಿ ಬುಡಿ. ನಾನು ನಿಜವಾಗ್ಲೂ ಏನಾರ ಒತ್ತಿದ್ನಾ? ಅದೊಂದು ಏಳಿ."

ಸುತ್ತ ನಮ್ಮ ಗುರುತಿನವರು ಒಬ್ಬರೂ ಇರಲಿಲ್ಲ. ಹೇಳಬಹುದಿತ್ತು.

"ಗೊತ್ತಾಗ್ದಂಗೆ ಒತ್ತಿರ್ತೀರ" ಎಂದೆ.

ಆಕೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಅಂಗಾರೆ ಒತ್ತಿರ್ಬೈದು ಸಾ. ನಾನು ಸುಮ್ಕೆ ಇಲ್ಲ ಇಲ್ಲ ಅಂತ ವಾದ ಮಾಡ್ದೆ. ನಿಮ್ಮುನ್ನ ಆಸನದಿಂದ ಓಡಾಡುಸ್ದಂಗಾಯ್ತು. ತೆಪ್ ತಿಳ್ಕಬ್ಯಾಡಿ."

ಇಲ್ಲ ಎಂದು ತಲೆಯಾಡಿಸಿ, ಅಷ್ಟರಲ್ಲಿ ಬಂದ ಹಾಸನದ ಬಸ್ ಹತ್ತಿದೆ.