ಹಸಿಂತೊ ತಾತನ ಮರಾಕಾ ಪರೀಕ್ಷೆ

ಅಪೂರೆ ನದಿಯ ದಡದ ನಮ್ಮೂರಿನಲ್ಲಿ ಹಸಿಂತೊ ತಾತ ಒಪ್ಪದ ಮರಾಕಾವನ್ನು ಯಾರೂ ಹಾರ್ಪ್ ವಾದ್ಯದ ಜೊತೆ ನುಡಿಸುವುದಿಲ್ಲ. ಒಣಗಿದ ಸೋರೆ ಬುರುಡೆಯಲ್ಲಿ ಬೀಜ ತುಂಬಿದ ಆ ಗಿಲಕಿ ಬೇಕಿದ್ದವರು ಶನಿವಾರ ಅವನನ್ನು ನಿಕಾನೋರಳ ಅಂಗಡಿಗೆ ಕರೆದೊಯ್ಯಬೇಕು. ಮೊದಲು ಅವನು ಕಾಫಿ ಕೇಳುತ್ತಾನೆ. ಆಮೇಲೆ ಟೋಪಿ ತೆಗೆದಿಟ್ಟು, ನಲವತ್ತು ಮರಾಕಾಗಳನ್ನು ಒಂದೊಂದಾಗಿ ಅಲ್ಲಾಡಿಸಿ ದೂರು ಹೇಳುತ್ತಾನೆ. "ಇದು ಕೆಮ್ಮುತ್ತೆ. ಇದಕ್ಕೆ ಹೊಟ್ಟೆ ತುಂಬಿ ನಿದ್ದೆ ಬಂದಿದೆ." "ಹೆಣ್ಣು ನೋಡೋಕೆ ಹೋದಾಗ್ಲೂ ಹಿಂಗೇ ಮಾಡಿದ್ಯಾ ತಾತ?" ಎನ್ನುತ್ತಾಳೆ ನಿಕಾನೋರ. "ಅವಳೇ ನನ್ನನ್ನ ಅಲ್ಲಾಡಿಸಿ ನೋಡಿದ್ಲು ಕಣೇ." ಅವನ ಪರೀಕ್ಷೆ ಒಂದೇ: ಕೈ ನಿಂತ ಕ್ಷಣವೇ ಒಳಗಿನ ಬೀಜವೂ ನಿಲ್ಲಬೇಕು. ಈ ವರ್ಷ ಅವನು ಮರಾಕಾವನ್ನು ಕಿವಿಯ ಬಳಿ ಹಿಡಿಯದೆ ದವಡೆಗೆ ಒತ್ತಿ ಅಲ್ಲಾಡಿಸತೊಡಗಿದ. ಮುತ್ತಿಡುತ್ತಿದ್ದಾನೆಂದು ನಾವೆಲ್ಲ ನಕ್ಕೆವು. ಒಂದು ಶನಿವಾರ ನಿಕಾನೋರ ಹಿಂದಿನಿಂದ ಮೂರು ಸಲ ಕರೆದರೂ ಅವನು ತಿರುಗಲಿಲ್ಲ. ಅವಳಿಗೆ ಅರ್ಥವಾಯಿತು, ಪಕ್ಕದಲ್ಲಿದ್ದ ನನಗೂ: ಅವನು ಬೀಜದ ಅದುರನ್ನು ದವಡೆಯಿಂದಲೇ ತಿಳಿಯುತ್ತಿದ್ದ. ಕಿವಿ ಹೋಗಿದೆಯೆಂದು ಊರಿಗೆ ತಿಳಿದರೆ ಇನ್ನು ಅವನನ್ನು ಕರೆಯುವವರಾರು? ಅವನು ಆರಿಸಿಟ್ಟ ಮರಾಕಾ ಜೋಡಿಯನ್ನು ಅವಳು ತಾನೇ ಅಲ್ಲಾಡಿಸಿ ನೋಡಿದಳು. ಕೈ ನಿಂತಿತು, ಬೀಜವೂ ನಿಂತಿತು. ಅಂದಿನಿಂದ ಅವಳು ಅವನ ಎದುರಿಗೇ ಬಂದು ನಿಂತು, ಅವನು ತುಟಿ ನೋಡಿ ತಿಳಿಯುವಷ್ಟು ನಿಧಾನವಾಗಿ ಕೇಳುತ್ತಾಳೆ: "ಹೆಣ್ಣು ನೋಡೋಕೆ ಹೋದಾಗ್ಲೂ ಹಿಂಗೇ ಮಾಡಿದ್ಯಾ ತಾತ?"