ತೂಕದ ಬರವಣಿಗೆ

ಹುಲಿಯೆಂದರೆ ನನಗೆ ಅಷ್ಟೇನೂ ಭಯವಿಲ್ಲ. ಲಿಂಗದಹಳ್ಳಿಯ ಕಡೆ ಎರಡು ಸಲ ಅದರ ಹೆಜ್ಜೆ ಕಂಡಿದ್ದೇನೆ. ಎರಡು ಸಲವೂ ಅದು ಹೋದ ದಿಕ್ಕಿಗೆ ಬೆನ್ನು ಮಾಡಿ ಬಹಳ ಧೈರ್ಯವಾಗಿ ನಡೆದು ಬಂದಿದ್ದೇನೆ. ನಾನು ಹೆದರುವುದು ಒಂದು ಗೋಣಿಚೀಲಕ್ಕೆ. ಸಖರಾಯಪಟ್ಟಣದ ನಮ್ಮ ಮನೆಯ ನಡುಕೋಣೆಯ ತೊಲೆಯಲ್ಲಿ ಅದು ನೇತಾಡುತ್ತಿದೆ. ಅದರ ಹೊಟ್ಟೆಯೊಳಗೆ ಇರುವುದು ರಾಗಿ ಹೊಟ್ಟು ಮತ್ತು ನನ್ನ ಸಾಹಿತ್ಯ.

ಇದಕ್ಕೆಲ್ಲ ಮೂಲ ಕಡೂರಿನ ಮುಸಾಫರಖಾನೆ. ಅಲ್ಲಿ ತಂಗಿದ್ದ ಯಾವನೋ ಬಿಳಿ ದೊರೆ ಎರಡು ಇಂಗ್ಲಿಷ್ ಪುಸ್ತಕ ಬಿಟ್ಟುಹೋಗಿದ್ದ. ಒಂದು ಬಾಕ್ಸಿಂಗ್ ಕಲಿಸುವುದು, ಇನ್ನೊಂದು ಚೀನಾ ದೇಶದ ಆಚಾರ ವಿಚಾರ ತಿಳಿಸುವುದು. ಕಾವಲುಗಾರ ಒಲೆಗೆ ಹಾಕುವ ಮುಂಚೆ ನಾನು ಕೈಯೊಡ್ಡಿದೆ. ಆಗ ನಾನು ಅಜ್ಜಂಪುರದ ಶಾಲೆಗೆ ಹೊಸ ಮೇಷ್ಟರು. ಇಂಗ್ಲಿಷ್ ಬಲ್ಲೆನೆಂಬ ಜಂಬವಿತ್ತು, ಓದಲು ಬೇರೇನೂ ಇರಲಿಲ್ಲ. ಹೊಡೆಯುವ ಮುಂಚೆ ಕೈಕುಲುಕಬೇಕು, ಕೈ ಎತ್ತದವನನ್ನು ಮುಟ್ಟಬಾರದು ಎಂಬ ಬಾಕ್ಸಿಂಗಿನ ನಿಯಮ ನನಗೆ ಬಹಳ ಹಿಡಿಸಿತು. ಕನ್ನಡಿಯ ಮುಂದೆ ನಿಂತು ಅದನ್ನು ಚೆನ್ನಾಗಿ ಪಾಲಿಸುತ್ತಿದ್ದೆ.

ಚೀನಾ ಪುಸ್ತಕ ಇನ್ನೂ ವಿಚಿತ್ರ. ಅಕ್ಷರವಿರುವ ಕಾಗದವನ್ನು ತುಳಿಯುವುದು ಅಲ್ಲಿ ಪಾಪವಂತೆ. ನಾವೂ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವವರೇ. ಅಲ್ಲಿ ಅಧಿಕಾರಿಯಾಗಬೇಕಾದರೆ ಪದ್ಯ ಬರೆದು ಪರೀಕ್ಷೆ ಗೆಲ್ಲಬೇಕಂತೆ. ಬರೆಯುವವರನ್ನು ಒಬ್ಬೊಬ್ಬರನ್ನಾಗಿ ಸಣ್ಣ ಗೂಡುಗಳಲ್ಲಿ ಕೂಡಿಹಾಕುತ್ತಾರೆ. ಅವರಿಂದ ಅನ್ಯಾಯವಾಗಿ ಸತ್ತವರು ಯಾರಾದರೂ ಇದ್ದರೆ ಆ ಗೂಡಿಗೇ ಬಂದು ಎದುರು ಕೂರುತ್ತಾರೆಂದು ಜನರ ನಂಬಿಕೆ. ಇದನ್ನೇ ಷಟ್ಪದಿಯಲ್ಲಿ ಕಾವ್ಯ ಮಾಡಲು ಹೊರಟು ದೊಡ್ಡದೊಂದು ಕಟ್ಟು ಹಾಳೆ ತುಂಬಿಸಿದೆ. ಆ ದಿನಗಳಲ್ಲಿ ದೆವ್ವಕ್ಕಿಂತ ಪ್ರಾಸವೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಆ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ನಿಲುವಂಗಿ ತೊಟ್ಟ ಚೀನೀಯನೊಬ್ಬ ಬಲಗೈ ಮುಷ್ಟಿಯನ್ನು ಎಡ ಅಂಗೈಯಲ್ಲಿ ಹುದುಗಿಸಿಕೊಂಡು ನಿಂತಿದ್ದ. ಅದು ಅವರ ನಮಸ್ಕಾರ. ನನ್ನ ಅಣ್ಣ ರಂಗಣ್ಣನಿಗೆ ತೋರಿಸಿದೆ. ಅವನು ಊರಲ್ಲೇ ಇದ್ದು ಹೊಲ, ತೆಂಗಿನ ತೋಟ ನೋಡಿಕೊಳ್ಳುತ್ತಿದ್ದವನು, ಓದು ಬಾರದವನು. ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಡೀಬೇಕೋ ಕೈ ಮುಗೀಬೇಕೋ ಗೊತ್ತಾಗ್ದೆ ನಿಂತವ್ನೆ ಕಣೋ" ಎಂದ.

ಆ ಬೇಸಿಗೆ ರಜದಲ್ಲಿ ಗುದ್ದಿ ಅಭ್ಯಾಸ ಮಾಡಲು ಒಂದು ಚೀಲ ಕಟ್ಟಿಕೊಡೆಂದು ಅವನನ್ನು ಕೇಳಿದೆ. ಬರೀ ಹೊಟ್ಟಾದರೆ ಹಗುರ, ಜೊತೆಗೆ ತೂಕದ್ದೇನಾದರೂ ತುಂಬು ಎಂದೆ. ಸಂಜೆ ಬಂದು ನೋಡಿದರೆ ಚೀಲ ತೂಗುತ್ತಿತ್ತು, ಬಾಯಿ ಹೊಲಿದಿತ್ತು, ಗೋಡೆಯ ಗೂಡಿನಲ್ಲಿಟ್ಟಿದ್ದ ಕಾವ್ಯದ ಕಟ್ಟು ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

"ನೀನೇ ಅಂದಿದ್ಯಲ್ಲೋ, ಇದು ಭಾಳ ತೂಕದ ಬರವಣಿಗೆ ಅಂತ."

ಕುಚೋದ್ಯವಲ್ಲ. ನಾನು ಜಂಬ ಕೊಚ್ಚಿಕೊಂಡಿದ್ದನ್ನು ಅವನು ನಿಜವೆಂದೇ ನಂಬಿದ್ದ. ಅಷ್ಟು ನಂಬಿದ ಇನ್ನೊಬ್ಬ ಮನುಷ್ಯ ನನಗೆ ಈವರೆಗೆ ಸಿಕ್ಕಿಲ್ಲ. ನಾನು ಕೈಕುಲುಕಲಿಲ್ಲ. ನಗುನಗುತ್ತ ಕೈ ಇಳಿಬಿಟ್ಟು ನಿಂತಿದ್ದವನ ದವಡೆಗೆ ಪುಸ್ತಕದಲ್ಲಿದ್ದ ಹಾಗೇ ಗುದ್ದಿದೆ. ಅವನು ದವಡೆ ಸವರಿಕೊಂಡು, ಕೈ ಎತ್ತಿಕೋ ಎಂದು ಒಂದು ಮಾತು ಹೇಳಬಾರದಿತ್ತೇ ಎಂದ, ಅಷ್ಟೆ. ನಾನು ಹಟಕ್ಕೆ ಬಿದ್ದು ಚೀಲ ಬಿಚ್ಚದೆ ಬೆಳಿಗ್ಗೆಯೇ ಅಜ್ಜಂಪುರಕ್ಕೆ ಹೊರಟುಬಿಟ್ಟೆ. ಆ ವರ್ಷ ಊರಿಗೆ ಪ್ಲೇಗು ಬಂತು, ಜನ ಮನೆ ಬಿಟ್ಟು ಹೊಲದ ಗುಡಿಸಲು ಸೇರಿದರು. ಸುದ್ದಿ ತಿಳಿದು ನಾನು ಕಡೂರಿನಲ್ಲಿ ರೈಲಿಳಿದು ಗಾಡಿ ಮಾಡಿಕೊಂಡು ಬರುವಷ್ಟರಲ್ಲಿ ರಂಗಣ್ಣ ಇರಲಿಲ್ಲ.

ನಮ್ಮಲ್ಲಿ ಹಿರಿಯರ ಹಬ್ಬದ ದಿನ ಸತ್ತವರಿಗೆ ನಡುಕೋಣೆಯಲ್ಲಿ ಎಡೆಯಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಮೂರು ಸಲ ತಟ್ಟಿ ಬಾಗಿಲು ತೆರೆಯಬೇಕು. ಅವ್ವ ಬಾಗಿಲಿಗೆ ಕಿವಿಗೊಟ್ಟೇ ಕೂರುವವಳು. ಅಪ್ಪ ಬಂದರೆ ಲೋಟ ಸದ್ದಾಗುತ್ತದಂತೆ. ರಂಗಣ್ಣನ ಸದ್ದು ಮಾತ್ರ ಮೂರು ವರ್ಷವೂ ಕೇಳಲಿಲ್ಲ. ಮಗ ಹಸಿದಿರುವಾಗ ನನಗೇಕೆ ಅನ್ನವೆಂದು ಅವಳು ಹಬ್ಬದೂಟ ಬಿಟ್ಟಳು. ಆಮೇಲೆ ದಿನವೂ ಒಪ್ಪೊತ್ತಾಯಿತು. ನಾಲ್ಕನೆಯ ವರ್ಷ ನಾನು ರಜೆಗೆ ಬಂದಾಗ ಅವಳ ಕೈ ಕಡ್ಡಿಯಾಗಿತ್ತು. ಹೀಗೇ ಬಿಟ್ಟರೆ ಅವ್ವನೂ ಉಳಿಯುವುದಿಲ್ಲವೆಂದು ನನಗೆ ಹೆದರಿಕೆಯಾಯಿತು.

ಹಬ್ಬದ ದಿನ ಮಟಮಟ ಮಧ್ಯಾಹ್ನ ಎಡೆಯಿಟ್ಟು ಹೊರಗೆ ಕೂತಿದ್ದೆವು. ಗಾಳಿಯಿರಲಿಲ್ಲ, ಕೋಣೆಗೆ ಕಿಟಕಿಯೂ ಇಲ್ಲ. ಬೆಕ್ಕು ನನ್ನ ತೊಡೆಯ ಪಕ್ಕದಲ್ಲಿ ಮಲಗಿತ್ತು. ಅವ್ವ ಬಾಗಿಲಿನಿಂದ ಕಿವಿ ತೆಗೆದು ನನ್ನನ್ನೇ ನೋಡಿದಳು.

"ನಿನ್ ಮೇಲೇನಾರ ಮುನಿಸಿತ್ತೇನೋ ಅವ್ನಿಗೆ?"

ಚೀನಾದ ಪರೀಕ್ಷೆಯ ಗೂಡು ನೆನಪಾಯಿತು. ಇಲ್ಲಿ ವ್ಯತ್ಯಾಸ ಇಷ್ಟೇ: ಗೂಡಿನ ಒಳಗೆ ಅವನಿದ್ದ, ಪರೀಕ್ಷೆ ಹೊರಗಿದ್ದ ನನಗೆ.

"ನಾನೇ ಹೊಡೆದಿದ್ದೆ ಕಣವ್ವ. ಸುಮ್ನೆ ಕೈ ಇಳಿಬಿಟ್ಕಂಡು ನಿಂತಿದ್ದ. ಹೊಡೆದ್ಬಿಟ್ಟೆ."

ಅವ್ವ ಮತ್ತೆ ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ಧಬ್ಬೆಂದು ಒಂದೇ ಒಂದು ಸದ್ದಾಯಿತು. ಆಮೇಲೆ ತೊಲೆಯ ಹಗ್ಗ ನಿಧಾನವಾಗಿ ಕಿರ್ರೆನ್ನತೊಡಗಿತು. ಬೆಕ್ಕು ಎದ್ದು ಹೋಯಿತು. ನನಗೂ ಹಾಗೆಯೇ ಎದ್ದು ಹೋಗಬೇಕೆನಿಸಿತು. ಮೇಷ್ಟರಾದವನು ಹಾಗೆ ಮಾಡುವಂತಿರಲಿಲ್ಲ.

"ಬಂದ. ಬಾಗ್ಲು ತಟ್ಟು," ಎಂದಳು ಅವ್ವ.

ಮೂರು ಸಲ ತಟ್ಟಿದೆ. ಎರಡನೆಯ ಸಲ ತಟ್ಟುವಾಗ ಒಳಗಿನಿಂದ ಯಾರಾದರೂ ತಟ್ಟಿಬಿಟ್ಟರೆ ಏನು ಗತಿ ಎನಿಸಿತು. ಬಾಗಿಲು ತೆರೆದರೆ ಯಾರೂ ಇರಲಿಲ್ಲ. ಎಲೆಯ ಅನ್ನ ಇಟ್ಟ ಹಾಗೇ ಇತ್ತು. ಚೀಲ ಆ ಗೋಡೆಯಿಂದ ಈ ಗೋಡೆಯ ಕಡೆಗೆ ತೂಗುತ್ತಿತ್ತು. ಅವ್ವ ರಂಗಣ್ಣನ ಎಡೆಯ ಮುಂದೆ ಕೂತು ಒಂದಗುಳೂ ಬಿಡದೆ ಉಂಡಳು, ಎರಡನೆಯ ಸಲ ಸಾರೂ ಹಾಕಿಸಿಕೊಂಡಳು. ಅಂದಿನಿಂದ ಎರಡು ಹೊತ್ತೂ ಉಣ್ಣುತ್ತಿದ್ದಾಳೆ.

ಹಗ್ಗ ಸಡಿಲವಾಗಿರಬೇಕು, ಇಲಿ ಹಾರಿರಬೇಕು ಎನ್ನುತ್ತಾರೆ ಶಾಲೆಯ ಗೆಳೆಯರು. ನಾನೂ ಅಜ್ಜಂಪುರದಲ್ಲಿರುವವರೆಗೆ ಹೌದೆನ್ನುತ್ತೇನೆ. ಚೀಲವನ್ನು ಮಾತ್ರ ಬಿಚ್ಚಿಲ್ಲ. ಕಾವ್ಯ ಒಳಗೇ ಇದೆ. ಅದರ ತೂಕ ಎಷ್ಟೆಂಬುದು ಅಂದು ಒಳಗೆ ಗುದ್ದಿದವನಿಗೆ ಗೊತ್ತು.

ಊರಿಗೆ ಹೋದಾಗ ಆ ಕೋಣೆಗೆ ಕಾಲಿಟ್ಟರೆ ಸಾಕು, ಎರಡು ಕೈಯೂ ತಾವಾಗಿ ಮೇಲೇಳುತ್ತವೆ. ಕಾಪಾಡಿಕೊಳ್ಳುವುದಕ್ಕೋ ಕ್ಷಮೆ ಕೇಳುವುದಕ್ಕೋ ತಿಳಿಯದು. ಬಗ್ಗಿ ನೋಡಿಕೊಂಡರೆ ಬಲಗೈ ಮುಷ್ಟಿ ಎಡ ಅಂಗೈಯೊಳಗೆ ಕೂತಿರುತ್ತದೆ. ಹೊಡೆಯಬೇಕೋ ಕೈ ಮುಗಿಯಬೇಕೋ ಗೊತ್ತಾಗದೆ ನಿಂತಿರುತ್ತೇನೆ.